ಗಿಂಡಿಯಲ್ಲಿದ್ದು ಯಹೂದಿ ಅಧ್ಯಯನ: ಬಳಕೆದಾರರ ಕೈಪಿಡಿ

ಪೆಟ್ಟಿಗೆ ಬಿಚ್ಚುವ ಮೊದಲು

ಪೆಟ್ಟಿಗೆಯೇ ಇಲ್ಲ ಎಂಬುದು ತಿಳಿದಿರಲಿ. ಚೆನ್ನೈನ ಗಿಂಡಿಯಲ್ಲಿ 1794ರಲ್ಲಿ ಸರ್ವೆ ಶಾಲೆಯಾಗಿ ಹುಟ್ಟಿ 1920ರಲ್ಲಿ ಇಲ್ಲಿಗೆ ಬಂದ ಎಂಜಿನಿಯರಿಂಗ್ ಕಾಲೇಜಿದೆ, ಮದ್ರಾಸ್ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳಿವೆ, ಜಿಂಕೆ ಓಡಾಡುವ ರಾಷ್ಟ್ರೀಯ ಉದ್ಯಾನವಿದೆ. ಯಹೂದಿಗಳ ಇತಿಹಾಸ, ಸಂಸ್ಕೃತಿ, ಧರ್ಮಕ್ಕೆಂದು ಪದವಿ ಇಲ್ಲ. ಆದ್ದರಿಂದ ಈ ಕೈಪಿಡಿ, ಬೇರೇನೋ ಓದಲೆಂದು ಊರಿಂದ ಬಂದು ಮೂರನೇ ಸೆಮಿಸ್ಟರಿನ ಹೊತ್ತಿಗೆ ಆ ಬೇರೇನೋ ಸಾಕಾಗಿಹೋದ ಕನ್ನಡದ ಹುಡುಗ ಹುಡುಗಿಯರಿಗೆ.

ಮನೆಯಲ್ಲಿ ಸದ್ಯಕ್ಕೆ ಹೇಳಬೇಡಿ. ಅಪ್ಪ ಕೇಳಿಯೇ ಬಿಟ್ಟರೆ "ವಜ್ರದ ವ್ಯಾಪಾರದ ಬಗ್ಗೆ ಓದ್ತಾ ಇದೀನಿ" ಅನ್ನಿ. ಸುಳ್ಳಲ್ಲ, ಮುಂದೆ ನೋಡಿ.

ಬೇಕಾಗುವ ಸಾಮಾನು

ಮೆಟ್ರೊ ಕಾರ್ಡು, ನೀರಿನ ಬಾಟಲಿ, ನೋಟ್‌ಬುಕ್ಕು, ಜಗಳಕ್ಕೆ ಸಿಗುವ ಒಬ್ಬ ಗೆಳೆಯ. ಪುಸ್ತಕಕ್ಕೆ ಪಕ್ಕದ ಕೋಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯ. ಹೀಬ್ರೂ ಅಕ್ಷರ 22 ಮಾತ್ರ, ಬಲದಿಂದ ಎಡಕ್ಕೆ. ಕನ್ನಡದ ಕಾಗುಣಿತ ದಾಟಿ ಬಂದವರಿಗೆ ಅದೊಂದು ಲೆಕ್ಕವಲ್ಲ. ಆದರೆ ಸ್ವರಗಳನ್ನು ಹೆಚ್ಚಾಗಿ ಬರೆಯದೆ ಬಿಟ್ಟಿರುತ್ತಾರೆ, ತೊಂದರೆ ಶುರುವಾಗುವುದು ಅಲ್ಲಿ.

ಮೊದಲ ಹಂತ

ಗಿಂಡಿಯಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ, ಲಿಟಲ್ ಮೌಂಟ್. ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದಿಳಿದ, ಯೇಸುವಿನ ಶಿಷ್ಯ ಸಂತ ಥಾಮಸ್ ಇಲ್ಲಿನ ಗುಹೆಯಲ್ಲಿದ್ದ, 72ರಲ್ಲಿ ಆಚೆಯ ಪರಂಗಿಮಲೆಯಲ್ಲಿ ಹತನಾದ ಎಂದು ನಂಬಿಕೆ. ಆತ ಹುಟ್ಟಾ ಯಹೂದಿ ಎಂಬುದು ಮೇಣದ ಬತ್ತಿ ಹಚ್ಚುವವರಿಗೂ ಥಟ್ಟನೆ ನೆನಪಾಗುವುದಿಲ್ಲ. 'ಥಾಮಸನ ಕೃತ್ಯಗಳು' ಎಂಬ ಪುರಾತನ ಕಥನದಲ್ಲಿ ಅವನು ಭಾರತದ ದಾರಿಯಲ್ಲಿ ಇಳಿದ ಊರಿನ ಮದುವೆಮನೆಯಲ್ಲಿ ಕೊಳಲು ನುಡಿಸುವ ಹೀಬ್ರೂ ಹುಡುಗಿಯೊಬ್ಬಳಿದ್ದಾಳೆ. ಅಷ್ಟು ಜನರಲ್ಲಿ ಅವನ ಮಾತು ತಿಳಿಯುವುದು ಅವಳಿಗೊಬ್ಬಳಿಗೇ.

ಈಗ ನೋಟ್‌ಬುಕ್ಕಿನ ಪುಟದ ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ "ಹೇಳುತ್ತಾರೆ", ಬಲಕ್ಕೆ "ಸಿಕ್ಕಿದೆ". ಥಾಮಸನನ್ನು ಎಡಕ್ಕೆ ಬರೆಯಿರಿ. ಪದವಿಯ ಮುಕ್ಕಾಲು ಪಾಲು ಮುಗಿಯಿತು.

ಎರಡನೇ ಹಂತ

ಅದೇ ನೀಲಿ ಮಾರ್ಗದಲ್ಲಿ ರೈಲು ಬದಲಿಸದೆ ಮಣ್ಣಡಿಗೆ ಹೋಗಿ, ಕೋರಲ್ ಮರ್ಚೆಂಟ್ ಸ್ಟ್ರೀಟ್ ಕೇಳಿ. ಆಟೊದವರಿಗೆ 'ಪವಳಕ್ಕಾರ ತೆರು' ಅಂದರೆ ಬೇಗ ತಿಳಿಯುತ್ತದೆ. 17ನೇ ಶತಮಾನದ ಕೊನೆಗೆ ಲಂಡನ್, ಆಮ್‌ಸ್ಟರ್‌ಡ್ಯಾಂ ಕಡೆಯ ಸೆಫಾರ್ದಿ (ಸ್ಪೇನ್, ಪೋರ್ಚುಗಲ್ ಮೂಲದ) ಯಹೂದಿಗಳು ಮೆಡಿಟರೇನಿಯನ್ ಹವಳ ತರಿಸಿ ಮಾರಿ, ಗೋಲ್ಕೊಂಡದ ವಜ್ರ ಕೊಂಡು ಯೂರೋಪಿಗೆ ಕಳಿಸುತ್ತಿದ್ದರು. ಅವರಲ್ಲೊಬ್ಬ ಜಾಕ್ ಡಿ ಪೈವಾ, ವಜ್ರದ ಗಣಿಗೆ ಹೋಗಿ ಕಾಯಿಲೆ ಬಿದ್ದು 1687ರಲ್ಲಿ ತೀರಿಕೊಂಡ. ಮರುವರ್ಷ ಮದ್ರಾಸ್ ಕಾರ್ಪೊರೇಷನ್ ಸ್ಥಾಪನೆಯಾದಾಗ ಅದರ ಆಲ್ಡರ್‌ಮನ್‌ಗಳಲ್ಲಿ ಯಹೂದಿ ವರ್ತಕರೂ ಇದ್ದರು. ಅವರ ಸಮಾಧಿ ಕಲ್ಲುಗಳು ಮಿಂಟ್ ಸ್ಟ್ರೀಟ್ ಕಡೆಯಿಂದ ಎಬ್ಬಿಸಿಕೊಂಡು ಜಾಗ ಬದಲಿಸುತ್ತ ಲಾಯ್ಡ್ಸ್ ರಸ್ತೆಯ ಚಿಕ್ಕ ಸ್ಮಶಾನ ಸೇರಿವೆ. ಇವೆಲ್ಲ ಬಲಗಡೆಯ ಕಾಲಂ.

ಪೈವಾನ ವಿಧವೆ ಹಿಯೆರೊನಿಮಾ ಆಗಿನ ಗವರ್ನರ್ ಎಲಿಹು ಯೇಲ್‌ನ ಮನೆ ಸೇರಿದಳು. 1718ರಲ್ಲಿ ಆತ ಕೊಟ್ಟ ಸರಕು, ಪುಸ್ತಕಗಳಿಂದಲೇ ಅಮೆರಿಕದ ಒಂದು ಕಾಲೇಜಿಗೆ ಯೇಲ್ ಎಂಬ ಹೆಸರು ಬಂತು. ಆ ಕಾಲೇಜಿನ ಲಾಂಛನದಲ್ಲಿ ಹೀಬ್ರೂ ಅಕ್ಷರಗಳಿವೆ. ಕೂಡಲೇ ಹಿಯೆರೊನಿಮಾಳಿಗೂ ಅದಕ್ಕೂ ಗಂಟು ಹಾಕಬೇಡಿ. ಆ ಅಕ್ಷರಗಳು ಬಂದದ್ದು ಬೈಬಲ್ ಪಂಡಿತರ ಹೀಬ್ರೂ ಪ್ರೀತಿಯಿಂದ. ಅಲ್ಲಿನ ಅಧ್ಯಕ್ಷ ಎಜ್ರಾ ಸ್ಟೈಲ್ಸ್ ಮೊದಲ ವರ್ಷದವರೆಲ್ಲ ಹೀಬ್ರೂ ಕಲಿಯಲೇಬೇಕೆಂದು ಕಟ್ಟು ಮಾಡಿದ್ದ. ಹುಡುಗರು ಗೊಣಗಿದರು, 1790ರ ಹೊತ್ತಿಗೆ ಐಚ್ಛಿಕವಾಯಿತು. ನಿಮಗೂ ಬೇಸರ ಬಂದರೆ ಗಾಬರಿ ಬೇಡ, ಪರಂಪರೆ ಇದೆ.

ಮೂರನೇ ಹಂತ (ಇಲ್ಲಿ ಅವಸರ ಬೇಡ)

ದಸರಾ ರಜೆಗೆ ಮಂಗಳೂರಿಗೆ ಹೋಗಿ. ಅಲ್ಲಿ ನೋಡಲು ಏನೂ ಇಲ್ಲ, ಓದಲು ಇದೆ. ಟ್ಯುನೀಶಿಯದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ಕ್ಕೆ ಆಗಲೇ ಮಂಗಳೂರಿನಲ್ಲಿದ್ದ, 1149ರವರೆಗೂ ಈ ಕರಾವಳಿಯಲ್ಲೇ ಬದುಕಿದ. ಅವನದೊಂದು ಕಂಚಿನ ಕೆಲಸದ ಕಾರ್ಖಾನೆ. ಏಡನ್‌ನಿಂದ ಒಡೆದ ಪಾತ್ರೆ ಬರುತ್ತಿತ್ತು, ಹೊಸದಾಗಿ ಎರಕವಾಗಿ ಮರಳುತ್ತಿತ್ತು. ಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ ಹಡಗು ಹತ್ತುತ್ತಿದ್ದವು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ. ಏಲಕ್ಕಿ ಕೊಡುತ್ತೇನೆಂದು ಮುಂಗಡ ನುಂಗಿ ಕೂತ ಒಬ್ಬ ದಲ್ಲಾಳಿಯ ತಗಾದೆ ಪತ್ರದಿಂದ ಪತ್ರಕ್ಕೆ ಎಳೆದಾಡುತ್ತದೆ. ಅವನ ಮಾನ ಕಳೆಯುತ್ತೇವೆಂದು ಹೆದರಿಸು ಎಂದು ಏಡನ್‌ನ ಗೆಳೆಯರು ಸಲಹೆ ಕೊಡುತ್ತಾರೆ. ಏಲಕ್ಕಿ ಬಂದ ಸುದ್ದಿ ಮಾತ್ರ ಇಲ್ಲ.

ಬೆನ್ ಯಿಜು ಆಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದದ್ದು 1132ರ ಅಕ್ಟೋಬರಿನಲ್ಲಿ, ಮಂಗಳೂರಿನಲ್ಲೇ. ಅದು ಪ್ರೇಮವೋ ಧರ್ಮಶಾಸ್ತ್ರದ ಅನಿವಾರ್ಯವೋ ಎಂದು ಗೆಳೆಯನೊಡನೆ ಜಗಳವಾಡಿ. ಅವನ ವ್ಯಾಪಾರ ನೋಡಿಕೊಂಡಿದ್ದ ಇನ್ನೊಬ್ಬ ದಾಸ ಏಡನ್‌ಗೆ ಹೋಗಿ ಕುಡಿದು, ದುಡ್ಡಿಗಾಗಿ ರಂಪ ಮಾಡಿದ್ದೂ ದಾಖಲಾಗಿದೆ. ಅವನ ಹೆಸರಿನ ವ್ಯಂಜನಗಳಷ್ಟೇ ಸಿಕ್ಕಿದ್ದವು. ಅದು ತುಳುನಾಡಿನ 'ಬೊಮ್ಮ' ಎಂದು ಹಿಡಿಯಲು ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ವಿದ್ವಾಂಸ ಬಿ.ಎ. ವಿವೇಕ ರೈಯವರನ್ನು ಕಾಣಬೇಕಾಯಿತು. ಘೋಷ್ ಅವರ 1992ರ 'ಇನ್ ಆನ್ ಆ್ಯಂಟಿಕ್ ಲ್ಯಾಂಡ್' ಓದಿ. ಪಠ್ಯಪುಸ್ತಕ ಇದೊಂದೇ ಸಾಕೆಂದು ನನ್ನ ಅಭಿಪ್ರಾಯ, ಪ್ರೊಫೆಸರುಗಳು ಒಪ್ಪಲಾರರು.

ಇಷ್ಟೆಲ್ಲ ಉಳಿದದ್ದು ದೇವರ ಹೆಸರಿರಬಹುದಾದ ಕಾಗದವನ್ನು ಹಾಳು ಮಾಡಬಾರದೆಂಬ ಕಟ್ಟಳೆಯಿಂದ. ಕೈರೋದ ಬೆನ್ ಎಜ್ರಾ ಸಿನಗಾಗ್‌ನ 'ಜೆನೀಜಾ' ಎಂಬ ಕೋಣೆಗೆ ಅಂಥ ಕಾಗದ ಹಾಕುತ್ತ ಹೋದರು, ಬಟ್ಟೆಯ ಲೆಕ್ಕವೂ ಸೇರಿಹೋಯಿತು. 1896-97ರಲ್ಲಿ ವಿದ್ವಾಂಸ ಸಾಲಮನ್ ಶೆಕ್ಟರ್ ಅದರ ದೊಡ್ಡ ಪಾಲನ್ನು ಕೇಂಬ್ರಿಡ್ಜ್‌ಗೆ ಸಾಗಿಸಿದ.

ಧರ್ಮದ ಭಾಗ

ಬ್ಯಾಬಿಲೋನಿಯದ ತಾಲ್ಮುದ್ ಎಂಬ ಧರ್ಮಚರ್ಚೆಯ ಮಹಾಗ್ರಂಥಕ್ಕೆ 2,711 ಹಾಳೆ. ದಿನಕ್ಕೊಂದರಂತೆ ಓದುವ ಪದ್ಧತಿ 1923ರಿಂದ ನಡೆದಿದೆ, ಏಳೂವರೆ ವರ್ಷ ಹಿಡಿಯುತ್ತದೆ, ನಿಮ್ಮ ಬಿ.ಇ. ನಾಲ್ಕೇ ವರ್ಷ. ಪುಟದ ನಡುವೆ ಮೂಲ, ಒಂದು ಬದಿಗೆ 11ನೇ ಶತಮಾನದ 'ರಾಶಿ' ಎಂಬ ಪಂಡಿತನ ವ್ಯಾಖ್ಯಾನ, ಇನ್ನೊಂದು ಬದಿಗೆ ಅವನ ಮೊಮ್ಮಕ್ಕಳೇ ತೆಗೆದ ತಕರಾರು. ಓದುವ ಕ್ರಮ ಇಬ್ಬಿಬ್ಬರಾಗಿ ಕೂತು ವಾದಿಸುವುದು, ಗೆಳೆಯನನ್ನು ಸಾಮಾನಿನ ಪಟ್ಟಿಗೆ ಸೇರಿಸಿದ್ದು ಅದಕ್ಕೇ. ಯಹೂದಿಗಳ ಪಂಚಾಂಗದಲ್ಲೂ ಅಧಿಕಮಾಸವಿದೆ, 19 ವರ್ಷಕ್ಕೆ ಏಳು. ಇದನ್ನು ಅಜ್ಜಿಗೆ ಹೇಳಿ, ಮನೆಯಲ್ಲಿ ನಿಮ್ಮ ಓದಿಗೆ ಸಿಗುವ ಮೊದಲ ಬೆಂಬಲ ಅಲ್ಲಿಂದಲೇ.

ಎಚ್ಚರಿಕೆ

ರಾತ್ರಿ ಒಂಬತ್ತರ ಟಿವಿ ಚರ್ಚೆಯ ಹತ್ತಿರ ಇಡಬೇಡಿ. "ಯಹೂದಿಗಳು ಹುಟ್ಟಾ ಬುದ್ಧಿವಂತರು" ಎಂದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸಬೇಡಿ. ಹೊಗಳಿಕೆಯಾದರೂ ಅದು ಎಡಗಡೆಯ ಕಾಲಮ್ಮೇ.

ಸೇವಾ ಕೇಂದ್ರ

ಜೆನೀಜಾದ ಸಾವಿರಾರು ಚೂರುಗಳ ಚಿತ್ರಗಳು ಕೇಂಬ್ರಿಡ್ಜ್ ಡಿಜಿಟಲ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತವೆ. ಹಾಸ್ಟೆಲಿನ ವೈಫೈ ಸಾಕು. ಇವತ್ತೇ ಒಂದನ್ನು ತೆರೆದು ನೋಡಿ, ನಾಳೆ ಪರೀಕ್ಷೆ ಇದ್ದರೆ ಮಾತ್ರ ನಾಡಿದ್ದು.