ಸ್ಪರ್ಶಾನಂದರ ಮೂಷಿಕ ವಾಹನ

ಪ್ರತಿ ಆಫೀಸಿನಲ್ಲೂ ಇಂಥವರು ಒಬ್ಬರಿರುತ್ತಾರೆ. ಇಬ್ಬರಿದ್ದರೆ ಆ ಆಫೀಸು ನಡೆಯುವುದಿಲ್ಲ. ಮಾರುಕಟ್ಟೆಗೆ ಹೊಸ ಸಾಮಾನು ಬಂದಿತೆಂದರೆ ಅದು ಅಂಗಡಿಯ ಗಾಜಿನ ಕಪಾಟು ಸೇರುವ ಮೊದಲೇ ಇವರ ಮೇಜಿನ ಮೇಲೆ ಕೂತಿರಬೇಕು. ಕೆಲಸಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಸಾಮಾನ್ಯವಾಗಿ ಆ ಆಮೇಲೆ ಬರುವುದೇ ಇಲ್ಲ, ಏಕೆಂದರೆ ಅಷ್ಟರಲ್ಲಿ ಇನ್ನೊಂದು ಹೊಸದು ಬಂದಿರುತ್ತದೆ.

ನಮ್ಮ ಆಫೀಸಿನ ಇಂಥವರಿಗೆ ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ. ನಮಗೆಲ್ಲ ಅವರು ಸ್ಪರ್ಶಾನಂದರು. ಮುಟ್ಟಿದರೆ ಕೆಲಸ ಮಾಡುವ ಯಾವುದನ್ನೂ ಅವರು ಬಿಡುವುದಿಲ್ಲ, ಒತ್ತಿದರೆ ಕೆಲಸ ಮಾಡುವ ಯಾವುದನ್ನೂ ಒಪ್ಪುವುದಿಲ್ಲ. ಮನೆಯಲ್ಲಿ ದೀಪದ ಸ್ವಿಚ್ಚು ಟಚ್, ಒಲೆ ಟಚ್, ಬೀಗವೂ ಟಚ್. ಆಫೀಸಿನಲ್ಲಿ ಅವರ ಕೈಗೆ ಸಿಕ್ಕಿದ್ದು ಮೌಸು. "ಗುಂಡಿ ಅನ್ನೋದು ಅಂಗಿಯಲ್ಲಿ ಮಾತ್ರ ಇರಬೇಕು ಸ್ವಾಮಿ. ರಸ್ತೆಯಲ್ಲೂ ಇರಬಾರದು, ಮೌಸಿನಲ್ಲೂ ಇರಬಾರದು" ಎನ್ನುವುದು ಅವರ ಸಿದ್ಧಾಂತ. ಬೆಂಗಳೂರಿನಲ್ಲಿ ಇದರ ಮೊದಲರ್ಧಕ್ಕೆ ಎಲ್ಲರೂ ತಲೆದೂಗುತ್ತಾರೆ. ಆ ಭರದಲ್ಲಿ ಎರಡನೆಯ ಅರ್ಧವೂ ಪಾಸಾಗಿಬಿಡುತ್ತದೆ.

ಅವರ ಬಳಿ ಒಂದು ಮೌಸಿನ ಬೆಲೆ ಕೇಳಿದರೆ ಇಡೀ ವಂಶಾವಳಿ ಬರುತ್ತದೆ. 1964ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ, ಬಿಲ್ ಇಂಗ್ಲಿಷ್ ಮಾಡಿಕೊಟ್ಟ ಮೊದಲ ಮೌಸು ಮರದ್ದು. ಕೆಳಗೆ ಎರಡು ಗಾಲಿ, ಮೇಲೆ ಒಂದೇ ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್‌ಬಾರ್ಟ್ ಮೌಸನ್ನು ಸಾರ್ವಜನಿಕರ ಮುಂದೆ ಆಡಿಸಿ ತೋರಿಸಿದರು. 1996ರಲ್ಲಿ ಮೈಕ್ರೋಸಾಫ್ಟಿನ ಇಂಟೆಲಿಮೌಸ್ ಬಂದು, ಎರಡು ಗುಂಡಿಗಳ ನಡುವಿನ ಚಕ್ರ ಮನೆಮಾತಾಯಿತು. ಇಲ್ಲಿಗೆ ಮೌಸಿನ ಕಥೆ ಸುಖಾಂತವಾಗಬಹುದಿತ್ತು ಎಂದು ನಮ್ಮಂಥವರು ಅಂದುಕೊಳ್ಳುತ್ತೇವೆ. ಸ್ಪರ್ಶಾನಂದರ ಪ್ರಕಾರ ಕಥೆ ಶುರುವಾಗುವುದೇ 2009ರಿಂದ. ಆ ವರ್ಷ ಆ್ಯಪಲ್ ಕಂಪನಿ ಮ್ಯಾಜಿಕ್ ಮೌಸ್ ತಂದಿತು. ಗುಂಡಿ ಕಾಣುವುದಿಲ್ಲ, ಚಕ್ರವಿಲ್ಲ, ಬಾಲವಿಲ್ಲ. ನುಣ್ಣನೆಯ ಬೆನ್ನು ಮಾತ್ರ. ಮರುವರ್ಷ ಮೈಕ್ರೋಸಾಫ್ಟ್ ಬಗ್ಗಿಸಿದರೆ ಎಚ್ಚರವಾಗುವ, ಚಪ್ಪಟೆ ಮಾಡಿದರೆ ಮಲಗುವ ಆರ್ಕ್ ಟಚ್ ಮೌಸ್ ಕೊಟ್ಟಿತು. 2011ರಲ್ಲಿ ಬಂದ ಅದೇ ಕಂಪನಿಯ ಟಚ್ ಮೌಸಿನಲ್ಲಿ ಒಂದು ಬೆರಳು ಎಳೆದರೆ ಪುಟ ಸರಿಯುತ್ತದೆ, ಎರಡು ಬೆರಳಿಗೆ ಕಿಟಕಿಗಳು ಸರಿಯುತ್ತವೆ, ಮೂರು ಬೆರಳಿಗೆ ಇಡೀ ಡೆಸ್ಕ್‌ಟಾಪೇ ಅಲ್ಲಾಡುತ್ತದೆ. "ನಾಲ್ಕು ಬೆರಳು ಇಟ್ಟರೆ?" ಎಂದು ಅಟೆಂಡರ್ ಹುಡುಗ ಒಮ್ಮೆ ಕೇಳಿದ. ಸ್ಪರ್ಶಾನಂದರು ಅವನಿಗೆ ಉತ್ತರ ಕೊಡಲಿಲ್ಲ. ಅದು ಮುಂದಿನ ಮಾಡೆಲಿನಲ್ಲಿ ಬರಬಹುದು.

ಅವರ ಈಗಿನ ಮೌಸು ಯಾವ ಕಂಪನಿಯದೆಂದು ನಾನು ಹೇಳುವುದಿಲ್ಲ. ಅವರೇ ಎಲ್ಲರಿಗೂ ಹೇಳಿ ಮುಗಿಸಿದ್ದಾರೆ. ಅದನ್ನು ಮೊದಲು ಪರೀಕ್ಷಿಸುವ ಯೋಗ ಬಂದದ್ದು ಅಕೌಂಟ್ಸ್ ಮೇಡಂಗೆ. ಮೇಡಂ ದಿನವೆಲ್ಲ ಟ್ಯಾಲಿಯಲ್ಲಿ ಕೀಬೋರ್ಡ್ ಬಡಿಯುವವರು. ಮೌಸು ಅವರಿಗೆ ಬೇಕಾಗುವುದು ಎಕ್ಸೆಲ್ಲಿಗೆ ಮತ್ತು ಜಿಎಸ್‌ಟಿ ತುಂಬುವುದಕ್ಕೆ ಅಷ್ಟೆ.

"ಮೇಡಂ, ರೈಟ್ ಕ್ಲಿಕ್ ಮಾಡಿ ನೋಡಿ."

ಮೇಡಂ ಮಾಡಿದರು. ಲೆಫ್ಟ್ ಕ್ಲಿಕ್ ಆಯಿತು.

"ಹಾಗಲ್ಲ ಮೇಡಂ. ತೋರುಬೆರಳು ಮೇಲಕ್ಕೆತ್ತಿ. ಪೂರ್ತಿ ಎತ್ತಿ. ಈಗ ನಡುಬೆರಳು ಮಾತ್ರ ಒತ್ತಿ. ಉಂಗುರದ ಬೆರಳು ಯಾಕೆ ತಾಗಿಸ್ತೀರಿ?"

"ಅದು ಎಲ್ಲಿ ಇರಬೇಕು ಸಾರ್?"

"ಪಕ್ಕಕ್ಕಿರಲಿ."

ವೀಣೆಯ ಮೇಷ್ಟ್ರು ಮೊದಲ ದಿನದ ಶಿಷ್ಯೆಯ ಕೈ ತಿದ್ದುವ ಹಾಗೆ ಅವರು ಒಂದೊಂದೇ ಬೆರಳಿಗೆ ಜಾಗ ತೋರಿಸಿದರು. ಅರ್ಧ ಗಂಟೆಯ ಅಭ್ಯಾಸದ ನಂತರ ಮೇಡಂ ಬಾಯಿಂದ ಬಂದ ಪ್ರಶ್ನೆ ಇಷ್ಟೆ: "ನನ್ನ ಹಳೇ ಮೌಸಿಗೆ ಬಲಗಡೆ ಒಂದು ಗುಂಡಿ ಇದೆಯಲ್ಲ ಸಾರ್, ಅದಕ್ಕೇನಾಗಿತ್ತು?"

ಸ್ಪರ್ಶಾನಂದರು ಇಂಥ ಪ್ರಶ್ನೆಗಳಿಗೆ ಜಗ್ಗುವವರಲ್ಲ. ಯಂತ್ರ ತಪ್ಪು ಮಾಡುವುದೇ ಇಲ್ಲ, ತಪ್ಪೆಲ್ಲ ಬೆರಳಿನದು ಎನ್ನುವುದು ಅವರ ಜಾತಿಯ ಮೂಲ ಲಕ್ಷಣ. ಮೌಸು ನಿಮ್ಮ ಮಾತು ಕೇಳದಿದ್ದರೆ ನಿಮ್ಮ ಬೆರಳು ಒಣಗಿದೆ, ಇಲ್ಲವೇ ಬೆವೆತಿದೆ, ಇಲ್ಲವೇ ದಪ್ಪವಾಗಿದೆ. ಮೂರೂ ಅಲ್ಲವೆಂದಾದರೆ ನಿಮಗೆ ಇನ್ನೂ ರೂಢಿಯಾಗಿಲ್ಲ. ಬೆರಳಿನಲ್ಲಿ ಇಷ್ಟೊಂದು ದೋಷ ಹುಡುಕಿದವರು ಹಸ್ತಸಾಮುದ್ರಿಕೆಯವರನ್ನು ಬಿಟ್ಟರೆ ಇವರೊಬ್ಬರೇ.

ನಿಜವಾದ ತೊಂದರೆ ಬೆರಳಿನದಲ್ಲ. ಈ ಮೌಸಿನ ನುಣುಪು ಬೆನ್ನಿನ ಕೆಳಗೆ ಸಂವೇದಕಗಳ ಹೆಣಿಗೆ ಇರುತ್ತದೆ. ನಮ್ಮ ಮೈ ವಿದ್ಯುತ್ತನ್ನು ಹಾಯಿಸುವುದರಿಂದ, ಬೆರಳು ತಾಗಿದ ಕಡೆ ಕೆಪಾಸಿಟೆನ್ಸ್ ಬದಲಾಗುತ್ತದೆ. ಆ ಬದಲಾವಣೆಯನ್ನು ಹಿಡಿದು ಬೆರಳು ಎಲ್ಲಿದೆ, ಎತ್ತ ಸರಿಯುತ್ತಿದೆ ಎಂದು ಅದು ಲೆಕ್ಕ ಹಾಕುತ್ತದೆ. ಮೊಬೈಲಿನದೂ ಇದೇ ಉಪಾಯ. ಆದರೆ ಮೊಬೈಲಿನ ಗಾಜನ್ನು ನಾವು ಕೆಲಸವಿದ್ದಾಗ ಮುಟ್ಟುತ್ತೇವೆ, ಮುಗಿದ ಮೇಲೆ ಬೆರಳು ತೆಗೆಯುತ್ತೇವೆ. ಮೌಸಿನ ಹಣೆಬರಹ ಬೇರೆ. ಅದನ್ನು ಸರಿಸಬೇಕಾದರೂ ಹಿಡಿಯಬೇಕು, ಸರಿಸದೆ ಯೋಚಿಸುತ್ತ ಕೂತಾಗಲೂ ಕೈ ಅದರ ಮೇಲೆಯೇ ಇರುತ್ತದೆ. ಗುಂಡಿಯ ಮೇಲೆ ಬೆರಳು ಇಡೀ ದಿನ ಮಲಗಿದ್ದರೂ ಗುಂಡಿ ತಪ್ಪು ತಿಳಿಯುವುದಿಲ್ಲ. ಒತ್ತಿದರೆ ಮಾತ್ರ ಮಾತಾಡುತ್ತದೆ. ಟಚ್ ಮೌಸಿಗೆ ಆ ಸಂಯಮವಿಲ್ಲ. ನೀವು ಸುಮ್ಮನೆ ಕೈಯಿಟ್ಟದ್ದನ್ನೂ ಅದು ಅಪ್ಪಣೆ ಅಂದುಕೊಳ್ಳಬಹುದು.

ಹಾಗಾಗಿಯೇ ಮೇಡಂ ಎಕ್ಸೆಲ್ಲಿನಲ್ಲಿ ಕೈಯಿಟ್ಟುಕೊಂಡು ಏಪ್ರಿಲ್ ತಿಂಗಳ ಬಿಲ್ಲು ಯಾವುದೆಂದು ನೆನಪಿಸಿಕೊಳ್ಳುತ್ತಿದ್ದಾಗ ಹಾಳೆ ತಾನಾಗಿ ಹೊರಟುಬಿಟ್ಟಿತು. ಬೆರಳು ತೆಗೆದ ಮೇಲೂ ಓಟದ ರಭಸದಲ್ಲಿ ಇನ್ನಷ್ಟು ದೂರ ಹೋಗಿ ನಿಲ್ಲುವುದು ಇವುಗಳ ಶೈಲಿ. ಎಕ್ಸೆಲ್ಲಿನ ಒಂದು ಹಾಳೆಯಲ್ಲಿ 10,48,576 ಸಾಲುಗಳಿವೆ. ಅಷ್ಟು ಸಾಲು ಯಾರಿಗೆ ಬೇಕಪ್ಪಾ ಎಂದು ನಾನು ಎಷ್ಟೋ ಸಲ ಅಂದುಕೊಂಡದ್ದುಂಟು. ಅವು ಈ ಮೌಸಿಗೆ ಬೇಕು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಆರ್ಕ್ ಟಚ್ ಮೌಸಿನದು. ಚಕ್ರವನ್ನು ಕಿತ್ತು ಆ ಜಾಗದಲ್ಲಿ ಒಂದು ಸ್ಪರ್ಶಪಟ್ಟಿ ಕೂರಿಸಿದರು. ಚಕ್ರ ಹೋದ ಮೇಲೆ ಎಷ್ಟು ಸರಿಯಿತೆಂದು ಬೆರಳಿಗೆ ತಿಳಿಯಬೇಕಲ್ಲ? ಅದಕ್ಕಾಗಿ ಒಳಗಿಂದ ಕಂಪನ ಹುಟ್ಟಿಸಿ, ಚಕ್ರ ಟಿಕ್ ಟಿಕ್ ಎಂದು ತಿರುಗುತ್ತಿರುವ ಅನುಭವವನ್ನೂ ಸದ್ದನ್ನೂ ಬರಿಸಿದರು. ಇರುವ ಚಕ್ರವನ್ನು ಕಿತ್ತು, ಇಲ್ಲದ ಚಕ್ರದ ಸದ್ದನ್ನು ದುಡ್ಡಿಗೆ ಮಾರುವ ಈ ಚಾತುರ್ಯವನ್ನು ಸ್ಪರ್ಶಾನಂದರು "ಎಂಜಿನಿಯರಿಂಗ್" ಎನ್ನುತ್ತಾರೆ. ಮೇಡಂ ಏನನ್ನುತ್ತಾರೋ ಅದನ್ನು ಇಲ್ಲಿ ಬರೆಯಲಾಗದು.

ಬಾಲವಿಲ್ಲದ ಮೌಸಿಗೆ ಹೊಟ್ಟೆ ಇರುತ್ತದೆ. ಅದಕ್ಕೆ ಆಗಾಗ ಎರಡು ಪೆನ್ಸಿಲ್ ಸೆಲ್ ತಿನ್ನಿಸಬೇಕು. ಒಂದು ಸೋಮವಾರ ನಮ್ಮ ಆಫೀಸಿನ ಎರಡು ಗೋಡೆ ಗಡಿಯಾರಗಳು ಒಟ್ಟಿಗೇ ನಿಂತುಹೋದವು. ಅಂದು ಯಾರೂ ಲೇಟಾಗಿ ಬಂದಂತಾಗಲಿಲ್ಲ, ಯಾರೂ ಬೇಗ ಹೋದಂತೆಯೂ ಆಗಲಿಲ್ಲ. ಸಂಜೆ ಸ್ಪರ್ಶಾನಂದರ ಮೌಸಿನ ಮುಚ್ಚಳ ತೆಗೆದು ನೋಡಿದಾಗ ಒಳಗೆ ಆಫೀಸಿನ ಕಾಲಪುರುಷ ಮಲಗಿದ್ದ.

ಚಾರ್ಜ್ ಮಾಡುವ ಮೌಸಿನ ಕಥೆಯೂ ಇದೆ. 2015ರಲ್ಲಿ ಮ್ಯಾಜಿಕ್ ಮೌಸಿನ ಎರಡನೆಯ ಆವೃತ್ತಿ ಬಂದಾಗ ಸೆಲ್ಲಿನ ಕಾಟ ತಪ್ಪಿತು. ಆದರೆ ಚಾರ್ಜಿಂಗ್ ತೂತನ್ನು ಹೊಟ್ಟೆಯ ಕೆಳಗಿಟ್ಟರು. ವೈರು ಚುಚ್ಚಿದರೆ ಮೌಸು ಮಗ್ಗುಲಾಗಿ ಬೀಳುತ್ತದೆ, ಆ ಹೊತ್ತು ಕೆಲಸ ಬಂದ್. ಜಗತ್ತೆಲ್ಲ ನಕ್ಕಿತು. 2024ರಲ್ಲಿ ಯುಎಸ್‌ಬಿ-ಸಿ ಮಾದರಿ ಬಂದಾಗ ತೂತಿನ ಆಕಾರ ಬದಲಾಯಿತು, ಜಾಗ ಬದಲಾಗಲಿಲ್ಲ. "ಎರಡು ನಿಮಿಷ ಚಾರ್ಜ್ ಮಾಡಿದ್ರೆ ಒಂಬತ್ತು ಗಂಟೆ ಬರುತ್ತೆ ಅಂತ ಕಂಪನಿಯೇ ಹೇಳಿದೆ. ಎರಡು ನಿಮಿಷ ಕಾಫಿ ಕುಡಿಯೋಕ್ಕಾಗಲ್ವೇ ನಿಮಗೆ?" ಎಂದು ಸ್ಪರ್ಶಾನಂದರು ಆ ಕಂಪನಿಯ ಪರವಾಗಿ ನಮ್ಮ ಮೇಲೆ ರೇಗುತ್ತಾರೆ. ಅವರ ಬಳಿ ಆ ಮೌಸು ಇಲ್ಲ. ಆದರೂ ವಕಾಲತ್ತು ವಹಿಸಿದ್ದಾರೆ.

ಮನೆಯಲ್ಲಿ ಅವರ ಊಟದ ಮೇಜಿಗೆ ಗಾಜು ಹಾಸಿದೆ. ಮೌಸಿನ ಕೆಳಗಿನ ಬೆಳಕಿನ ಕಣ್ಣು ಮೇಲ್ಮೈಯ ಒರಟು ಗುರುತುಗಳನ್ನು ನೋಡುತ್ತ ಚಲನೆಯನ್ನು ಅಳೆಯುವುದು. ತಿಳಿಗಾಜಿನ ಮೇಲೆ ಅದಕ್ಕೆ ನೋಡಲು ಏನೂ ಸಿಗುವುದಿಲ್ಲ. ಅದಕ್ಕೆ ಅವರು ಕೈಗೆ ಸಿಕ್ಕ ಲಗ್ನಪತ್ರಿಕೆಯನ್ನು ಕೆಳಗೆ ಹಾಸಿಕೊಂಡು ಕೂರುತ್ತಾರೆ. ಮನೆಯಾಕೆ ಸೀರೆಯುಟ್ಟು ಸಿದ್ಧರಾಗಿ ನಿಂತು, "ರೀ, ಆ ಪತ್ರಿಕೆ ಕೊಡ್ರೀ, ಛತ್ರದ ಅಡ್ರೆಸ್ ಅದರಲ್ಲೇ ಇರೋದು" ಎಂದರೆ, "ಒಂದ್ನಿಮಿಷ ಇರು, ಕರ್ಸರ್ ಈಗ ತಾನೇ ದಾರಿಗೆ ಬಂದಿದೆ" ಎನ್ನುತ್ತಾರಂತೆ. ಹಾಗೊಮ್ಮೆ ಅವರು ಛತ್ರಕ್ಕೆ ಹೋದಾಗ ಕೊನೆಯ ಪಂಕ್ತಿ ಎದ್ದಿತ್ತು.

ಇವೆಲ್ಲ ಚಿಲ್ಲರೆ. ಅವರ ಮೌಸು ನಿಜವಾಗಿ ಚರಿತ್ರೆ ಬರೆದದ್ದು ಮೀಟಿಂಗ್ ದಿನ. ಹೊರಗಿನಿಂದ ದೊಡ್ಡ ಗಿರಾಕಿಗಳು ಬಂದಿದ್ದರು. ಸ್ಪರ್ಶಾನಂದರು ಲ್ಯಾಪ್‌ಟಾಪನ್ನು ಮೀಟಿಂಗ್ ರೂಮಿಗೆ ಒಯ್ದು ದೊಡ್ಡ ಪರದೆಗೆ ಜೋಡಿಸಿದರು. ಮೌಸು ಅವರ ಮೇಜಿನ ಮೇಲೆಯೇ ಉಳಿಯಿತು. ನಡುವೆ ಇದ್ದದ್ದು ಒಂದು ತೆಳು ಗಾಜಿನ ಗೋಡೆ. ಬ್ಲೂಟೂತಿಗೆ ಅದೊಂದು ಲೆಕ್ಕವಲ್ಲ. ಒಳಗೆ ಅವರು "ಗುಡ್ ಮಾರ್ನಿಂಗ್" ಎನ್ನುವುದಕ್ಕೂ, ಹೊರಗೆ ಅಟೆಂಡರ್ ಹುಡುಗ ಒದ್ದೆ ಬಟ್ಟೆ ಹಿಡಿದು ಅವರ ಮೇಜು ಒರೆಸತೊಡಗುವುದಕ್ಕೂ ಸರಿಹೋಯಿತು. ಹುಡುಗ ಶ್ರದ್ಧಾವಂತ. ಮೌಸಿನ ಬೆನ್ನನ್ನು ಮೇಲಿಂದ ಕೆಳಕ್ಕೆ ನಾಲ್ಕು ಸಲ ಒತ್ತಿ ತಿಕ್ಕಿದ. ಬೆರಳಿಗೂ ಒದ್ದೆ ಬಟ್ಟೆಗೂ ವ್ಯತ್ಯಾಸ ತಿಳಿಯದ ಮೌಸು ಸ್ಲೈಡುಗಳನ್ನು ಓಡಿಸಿತು. ಕಂಪನಿಯ ಇತಿಹಾಸ ಹೋಯಿತು, ಉತ್ಪನ್ನಗಳು ಹೋದವು, ಐದು ವರ್ಷದ ಮುನ್ನೋಟವೂ ಹೋಯಿತು. ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ "ಧನ್ಯವಾದಗಳು" ಬಂದು ನಿಂತಿತು. ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಪ್ಪಾಳೆ ತಟ್ಟಿ, ತಿಂಡಿಯ ತಟ್ಟೆಯ ಕಡೆ ತಿರುಗಿದರು.

"ಸಾರ್, ನಾನು ಧೂಳು ಒರೆಸಿದ್ದು ಅಷ್ಟೇ ಸಾರ್" ಎಂದ ಹುಡುಗ.

"ನಿನ್ನ ಬಟ್ಟೆ ಒದ್ದೆಯಿತ್ತು. ಒಣ ಬಟ್ಟೆ ಹಾಕಬೇಕು" ಎಂದರು ಸ್ಪರ್ಶಾನಂದರು. ಆಗಲೂ ತಪ್ಪು ಮೌಸಿನದಾಗಲಿಲ್ಲ. ಗಿರಾಕಿಗಳು ಆರ್ಡರ್ ಕೊಟ್ಟು ಹೋದರು. ಆ ವರ್ಷ ಅವರು ಕೂತು ನೋಡಿದ ಪ್ರೆಸೆಂಟೇಶನ್ನುಗಳಲ್ಲಿ ಇದೇ ಚಿಕ್ಕದಂತೆ.

ಇಷ್ಟೆಲ್ಲ ನಿಷ್ಠೆಯುಳ್ಳ ಸ್ಪರ್ಶಾನಂದರು ಊರಿಗೆ ಹೋಗುವ ಹಿಂದಿನ ದಿನ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಅಕೌಂಟ್ಸ್ ವಿಭಾಗಕ್ಕೆ ಬರುತ್ತಾರೆ. ಎಸಿ ದರ್ಜೆಯ ತತ್ಕಾಲ್ ಟಿಕೆಟ್ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ ಎನ್ನುವುದು ಪ್ರಯಾಣಿಕರಿಗೆಲ್ಲ ಗೊತ್ತು.

"ಮೇಡಂ, ಒಂದೈದು ನಿಮಿಷ ಎದ್ದೇಳ್ತೀರಾ?"

ಮೇಡಂ ಏಳುತ್ತಾರೆ. ಸ್ಪರ್ಶಾನಂದರು ಆ ಹಳೆಯ, ವೈರಿನ, ಅಂಚು ಸವೆದ, ಮುನ್ನೂರು ರೂಪಾಯಿಯ ಮೌಸನ್ನು ಹಿಡಿದು ಟಕಟಕನೆ ಟಿಕೆಟ್ ಮಾಡಿಕೊಂಡು ಏಳುತ್ತಾರೆ. ನಾಚಿಕೆಯ ಸುಳಿವೂ ಇರುವುದಿಲ್ಲ. "ಕೆಲಸಕ್ಕೆ ಇದೇ ಸರಿ ಮೇಡಂ. ನಂದು ಅನುಭವಕ್ಕೆ" ಎನ್ನುತ್ತಾರೆ.

ಟಚ್ ಮೌಸಿನ ಬಗ್ಗೆ ನಾನು ಓದಿದ ಎಲ್ಲ ವಿಮರ್ಶೆಗಳಿಗಿಂತ ಈ ಎರಡು ವಾಕ್ಯ ಮೇಲು. ನ್ಯಾಯವಾಗಿ ಹೇಳಬೇಕೆಂದರೆ ಅದಕ್ಕೂ ಗುಣಗಳಿವೆ. ಎಡಬಲಕ್ಕೆ ಉದ್ದವಾಗಿ ಹರಡಿಕೊಂಡ ನಕ್ಷೆಯನ್ನೋ ವಿಡಿಯೋ ಎಡಿಟಿಂಗಿನ ಪಟ್ಟಿಯನ್ನೋ ಒಂದೇ ಬೆರಳಲ್ಲಿ ಅಡ್ಡಕ್ಕೆ ಸರಿಸುವುದು ಸಾಮಾನ್ಯ ಚಕ್ರದ ಕೈಲಾಗದ ಕೆಲಸ. ಚಪ್ಪಟೆಯಾದ ಮೌಸು ಬ್ಯಾಗಿನಲ್ಲಿ ಹಗುರ. ಚಕ್ರದ ಸಂದಿಯಲ್ಲಿ ಕೊಳೆ ಕೂರುವ ರಗಳೆಯೂ ಇಲ್ಲ. ಆದರೆ ಬೆರಳಾಟವೇ ಬೇಕೆನ್ನುವವರಿಗೆ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಇದ್ದೇ ಇದೆ. ಅದು ಕೂತಲ್ಲೇ ಕೂತಿರುತ್ತದೆ. ಹಿಡಿದುಕೊಳ್ಳಬೇಕಿಲ್ಲವಾದ್ದರಿಂದ ಮುಟ್ಟಿದರೆ ಮುಟ್ಟಿದ್ದೆಂದೇ ಅರ್ಥ.

ಆದ್ದರಿಂದ ಟಚ್ ಮೌಸು ಕೊಳ್ಳಲು ಹೊರಟವರಲ್ಲಿ ಒಂದು ವಿನಂತಿ. ಅಂಗಡಿಯವನು ಬೆರಳಾಡಿಸಿ ತೋರಿಸುವ ಚಮತ್ಕಾರಗಳನ್ನು ನೋಡಿ ಮರುಳಾಗಬೇಡಿ. ಮೌಸಿನ ಮೇಲೆ ನಿಮ್ಮ ಕೈಯಿಟ್ಟು, ಏನೂ ಮಾಡದೆ, ಮನೆಯ ಸಾಲದ ಕಂತನ್ನು ನೆನೆಯುತ್ತ ಎರಡು ನಿಮಿಷ ಸುಮ್ಮನೆ ಕೂತುಬಿಡಿ. ಪರದೆಯ ಮೇಲೆ ಏನೂ ಅಲ್ಲಾಡದಿದ್ದರೆ ಕೊಂಡುಕೊಳ್ಳಿ. ಅಲ್ಲಾಡಿದರೆ ಅದನ್ನು ಅಲ್ಲೇ ಇಟ್ಟು ಬನ್ನಿ. ಸ್ಪರ್ಶಾನಂದರು ಹೇಗೂ ಸಂಜೆ ಆ ಕಡೆ ಬರುತ್ತಾರೆ.