ಅಸ್ತರಿನ ದುಡ್ಡು ಬೇರೆ

ಮೈತುಂಬ ಬಟ್ಟೆ ಇರಬೇಕು. ನೋಡಿದವರು ‘ಚೆಂದ ಐತಲ್ರೀ, ಎಲ್ಲಿ ತಗೊಂಡ್ರಿ?’ ಎಂದು ಕೇಳಬೇಕು. ರೇಟು ಹೇಳಿದಾಗ ‘ಅಷ್ಟೇನಾ?’ ಎಂದು ಬಾಯಿ ಬಿಡಬೇಕು. ಸರಕಾರಿ ಶಾಲೆಯ ಟೀಚರಮ್ಮನಿಗೆ ಬಟ್ಟೆಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಆಸೆ ಇರುವುದಿಲ್ಲ. ಬೆಂಗಳೂರಿನಲ್ಲಿದ್ದಿದ್ದರೆ ಈಡೇರುತ್ತಿತ್ತೋ ಏನೋ. ನಾನಿರುವುದು ಹೊಸಪೇಟೆ, ಪಾಠ ಮಾಡುವುದು ಸಂಡೂರು, ಅತ್ತೆಯ ಮನೆ ಕಂಪ್ಲಿ, ನೆಂಟರು ಬಂದರೆ ತಿರುಗಾಡಿಸಲೇಬೇಕಾದ್ದು ಹಂಪಿ. ಹೀಗಾಗಿ ನಾನು ಕೊಂಡ ಬಟ್ಟೆಗೆ ನಾಲ್ಕು ಊರಿನ ಪರೀಕ್ಷೆ. ಒಂದರಲ್ಲಿ ಪಾಸಾದರೆ ಇನ್ನೊಂದರಲ್ಲಿ ಫೇಲು.

ಮೊದಲ ಪೆಟ್ಟು ಬಿಸಿಲಿನದು. ಏಪ್ರಿಲ್ ಬಂದರೆ ಹೊಸಪೇಟೆಯಲ್ಲಿ 40 ಡಿಗ್ರಿ ಎನ್ನುವುದು ಸುದ್ದಿಯೇ ಅಲ್ಲ. ಅಂಥ ಬಿಸಿಲಿಗೆ ತೆಳು ಹತ್ತಿಯ ಬಟ್ಟೆಯೇ ಸರಿ ಎಂದು ಎಲ್ಲರೂ ಹೇಳುತ್ತಾರೆ, ತೆಳು ಹತ್ತಿಯ ಆಚೆ ಏನೇನು ಕಾಣುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಆಷಾಢದ ಸೇಲಿನಲ್ಲಿ 299 ರೂಪಾಯಿಗೆ ಒಂದು ಬಿಳಿ ಕುರ್ತಾ ಹಿಡಿದೆ. ಅಂಗಡಿಯ ಹುಡುಗ ಟ್ಯೂಬ್‌ಲೈಟಿನ ಕೆಳಗೆ ಅದನ್ನು ಹಿಗ್ಗಿಸಿ, ಜಗ್ಗಿಸಿ, ‘ಪ್ಯೂರ್ ಕಾಟನ್ ಅಕ್ಕಾ, ಗ್ಯಾರಂಟಿ’ ಎಂದ. ಅವನ ಮಾತು ನಿಜವೇ. ಮನೆಗೆ ತಂದಾಗ ನಮ್ಮವರು ಅದನ್ನು ಅಂದಿನ ಪೇಪರಿನ ಮೇಲೆ ಹಾಸಿ, ಕುರ್ತಾದ ಮೂಲಕವೇ ಅಡಿಕೆ ಧಾರಣೆಯನ್ನು ಓದಿ ಹೇಳಿದರು. ಕನ್ನಡಕವನ್ನೂ ಹಾಕಿಕೊಂಡಿರಲಿಲ್ಲ.

ಸರಿ, ಅಸ್ತರ್ ಹಾಕಿಸಬೇಕು. ಅಗ್ಗದ ಬಟ್ಟೆ ನಿಜವಾಗಿ ತನ್ನ ಬೆಲೆ ಹೇಳುವುದು ಮ್ಯಾಚಿಂಗ್ ಸೆಂಟರಿನಲ್ಲಿ. ಅಸ್ತರಿಗೆ ಎರಡೂವರೆ ಮೀಟರು, ಕೂಲಿ ಬೇರೆ, ಒಳಗೊಂದು ಸ್ಲಿಪ್ಪು ಬೇರೆ, ಕೆಳಗೆ ಲೆಗ್ಗಿನ್ಸು, ಮೇಲೆ ವೇಲು, ವೇಲು ಜಾರದ ಹಾಗೆ ಪಿನ್ನಿನ ಪ್ಯಾಕೆಟ್ಟು. 299ರ ಕುರ್ತಾ ಮೈಮೇಲೆ ಬರುವಾಗ ಸಾವಿರದ ಹತ್ತಿರ ಹೋಗಿತ್ತು. ಟೇಲರ್ ಅಸ್ತರನ್ನು ಬೆರಳಲ್ಲಿ ತಿಕ್ಕಿ, ‘ಮೇಡಂ, ಇದನ್ನ ನೀರಿಗೆ ಹಾಕಿ ತಂದೀರೇನ್ರಿ?’ ಎಂದು ಕೇಳಿದ. ರಾತ್ರಿಯಿಡೀ ನೆನೆಹಾಕಿ ಒಣಗಿಸಿ ತರಬೇಕು ಎನ್ನುವುದು ನನಗೆ ಗೊತ್ತು. ಗೊತ್ತಿದ್ದೇ ‘ಹೂಂ’ ಎಂದೆ. ಒಂದೇ ಒಗೆತಕ್ಕೆ ಒಳಗಿನ ಅಸ್ತರ್ ಗೇಣುದ್ದ ಮೇಲೇರಿತು, ಹೊರಗಿನ ಕುರ್ತಾ ಇದ್ದಷ್ಟೇ ಇತ್ತು. ಎರಡಕ್ಕೂ ಕೆಳಗೆ ಒಂದೇ ಹೊಲಿಗೆ. ಕುರ್ತಾ ಸೊಂಟದಿಂದ ಕೆಳಗೆ ಪೂರಿಯ ಹಾಗೆ ಉಬ್ಬಿ ನಿಂತಿತು.

ಉಬ್ಬಿದ್ದರೇನಂತೆ, ಬಿಳಿಯದು ಶುಭ್ರವಾಗಿ ಕಾಣುತ್ತದಲ್ಲ ಎಂದು ಅದನ್ನೇ ತೊಟ್ಟು ಸಂಡೂರಿನ ಬಸ್ಸು ಹತ್ತಿದೆ. ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಿನವು. ಅದಿರಿನ ಲಾರಿಗಳು ಓಡಾಡುವ ದಾರಿಯಲ್ಲಿ ಗಿಡದ ಎಲೆಯೂ ಕೆಂಪು, ನಾಯಿಯೂ ಕೆಂಪು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ರಾಜಕೀಯದವರು ಏನೇನು ಮಾತಾಡಿದರೋ, ಊರಿನ ಹೆಂಗಸರು ಮಾತ್ರ ಬಿಳಿ ಬಟ್ಟೆಯನ್ನು ಧೈರ್ಯವಾಗಿ ಹಗ್ಗಕ್ಕೆ ಹಾಕಿದರು ಎಂದು ನಮ್ಮ ಶಾಲೆಯ ಹಿರಿಯ ಟೀಚರೊಬ್ಬರು ಹೇಳುತ್ತಾರೆ. ಆಮೇಲೆ ಮಿತಿ ಹಾಕಿ ಮತ್ತೆ ಗಣಿ ತೆರೆದರು, ಲಾರಿಗಳೂ ಬಂದವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕಿಟಕಿಯ ಸೀಟು ಸಿಗುವುದೇ ಪುಣ್ಯ. ಆ ಪುಣ್ಯ ಅಂದೇ ನನಗೆ ಒದಗಿಬರಬೇಕೆ! ಕಿಟಕಿ ಪೂರ್ತಿ ತೆರೆದು, ಗಾಳಿಗೆ ಮುಖವೊಡ್ಡಿ, ಸುಖವಾಗಿ ಕಣ್ಣು ಮುಚ್ಚಿದೆ. ಸಂಡೂರಿನಲ್ಲಿ ಇಳಿದಾಗ ನಾನು ಮುಂದಿನಿಂದ ಕಾವಿ, ಹಿಂದಿನಿಂದ ಖಾದಿ.

‘ಏನ್ ಟೀಚರ್, ಮಠ ಸೇರಿದ್ರೇನು?’ ಎಂದರು ಹೆಡ್‌ಮಾಸ್ಟರು.

ಮನೆಗೆ ಬಂದು ಸೋಪು ಹಾಕಿದೆ, ಹೋಗಲಿಲ್ಲ. ಬ್ಲೀಚಿಂಗ್ ಪುಡಿ ಹಾಕಿದೆ, ಕಲೆ ಇನ್ನಷ್ಟು ಗಟ್ಟಿಯಾಗಿ ಕೂತಿತು. ಕಬ್ಬಿಣದ ಕಲೆಗೆ ಬ್ಲೀಚಿಂಗ್ ಹಾಕಬಾರದು, ನಿಂಬೆಹಣ್ಣು ಉಪ್ಪು ಹಚ್ಚಿ ಬಿಸಿಲಿಗಿಡಬೇಕು. ಇದನ್ನು ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿ ನನಗೆ ಹೇಳಿಕೊಟ್ಟಳು. ನಾನು ಶಾಲೆಯಲ್ಲಿ ಕಲಿಸುವುದು ವಿಜ್ಞಾನ.

ಮೈ ಮುಚ್ಚಿಕೊಂಡೇ ಮೆರೆಯುವುದು ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ವಿಜಯನಗರದ ಅರಸರು ಆಸ್ಥಾನದಲ್ಲಿ ತೋಳು ತುಂಬುವ ಕಬಾಯಿ ತೊಟ್ಟು, ತಲೆಗೆ ಎತ್ತರದ ಕುಲ್ಲಾಯಿ ಇಟ್ಟು ಕೂರುತ್ತಿದ್ದರು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಬಂದು ನೋಡಿದಾಗ ಎರಡನೆಯ ದೇವರಾಯ ಸ್ಯಾಟಿನ್ ಅಂಗಿ ತೊಟ್ಟು, ಕೊರಳಿಗೆ ಮುತ್ತಿನ ಪಟ್ಟಿ ಹಾಕಿಕೊಂಡಿದ್ದನಂತೆ. ಹಂಪಿಯ ಸೆಕೆಯಲ್ಲಿ ಸ್ಯಾಟಿನ್! ಚಾಮರ ಬೀಸುವವರು ಮನೆಯಲ್ಲಿಲ್ಲದವರು ಇದಕ್ಕೆ ಕೈಹಾಕಬಾರದು. 1535ರ ಸುಮಾರಿಗೆ ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಪ್ರಕಾರ, ಅರಸ ಒಮ್ಮೆ ತೊಟ್ಟ ಬಟ್ಟೆಯನ್ನು ಇನ್ನೊಮ್ಮೆ ತೊಡುತ್ತಿರಲಿಲ್ಲ. ಬಿಚ್ಚಿದ್ದನ್ನು ಅದಕ್ಕೆಂದೇ ಇದ್ದ ಅಧಿಕಾರಿಗಳು ಲೆಕ್ಕವಿಟ್ಟು ತೆಗೆದಿಡುತ್ತಿದ್ದರು, ಯಾರಿಗೂ ಕೊಡುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಅಂಥ ಒಬ್ಬ ಅಧಿಕಾರಿ ಇದ್ದಾರೆ. ಯಾವ ಕುರ್ತಾ ಎಷ್ಟಕ್ಕೆ ಬಂತು, ಎಷ್ಟು ಸಲ ಮೈಮೇಲೆ ಬಂತು, ಸಲಕ್ಕೆ ಎಷ್ಟು ರೂಪಾಯಿ ಬಿತ್ತು ಎಂದು ಊಟಕ್ಕೆ ಕೂತಾಗ ಓದಿ ಹೇಳುತ್ತಾರೆ.

ಅರಸರ ಊರಿನಲ್ಲೇ ಉಪಾಯ ಸಿಕ್ಕೀತೆಂದು ಹಂಪಿಯಲ್ಲಿ ಹುಡುಕಿದೆ. ವಿರೂಪಾಕ್ಷ ಗುಡಿಯ ಹತ್ತಿರದ ಜನತಾ ಪ್ಲಾಟಿನ ಅಂಗಡಿಗಳಲ್ಲಿ ಆನೆಯ ಚಿತ್ರಗಳ ದೊಗಳೆ ಪ್ಯಾಂಟು ತೂಗುಹಾಕಿರುತ್ತಾರೆ. ವಿದೇಶಿಯರೆಲ್ಲ ಅದನ್ನೇ ತೊಟ್ಟು ಬಂಡೆ ಹತ್ತುತ್ತಾರೆ. ನಾನು ವಿಚಾರ ಮಾಡಿದೆ. ಹಿಮ್ಮಡಿಯವರೆಗೆ ಮುಚ್ಚುತ್ತದೆ, ಗಾಳಿಯಾಡುತ್ತದೆ, ಎರಡು ಜೇಬುಗಳಿವೆ. ಬಟ್ಟೆ ತೆಳುವೇ, ಆದರೆ ಆನೆಗಳು ಒತ್ತೊತ್ತಾಗಿ ನಿಂತಿರುವುದರಿಂದ ಅಸ್ತರಿನ ಖರ್ಚಿಲ್ಲ! 350 ಹೇಳಿದವನನ್ನು 200ಕ್ಕೆ ಇಳಿಸಿದೆ. ಮೇಲೆ ಉದ್ದ ಟಾಪು, ತಲೆಗೆ ಹ್ಯಾಟು, ಕಪ್ಪು ಕನ್ನಡಕ. ಬೆಂಗಳೂರಿನ ನಾದಿನಿಯ ಸಂಸಾರವನ್ನು ಕರೆದುಕೊಂಡು ವಿಠ್ಠಲ ಗುಡಿಗೆ ಹೊರಟೆ.

ಗೈಡ್ ಒಬ್ಬ ನೇರ ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಶುರುಮಾಡಿದ. ನಾನು ‘ಬ್ಯಾಡಪ್ಪ, ನಾವು ಇಲ್ಲೇರು’ ಎಂದೆ. ಅವನು ಒಂದು ಹೆಜ್ಜೆ ಹಿಂದೆ ಸರಿದು ಕೈ ಮುಗಿದ.

‘ಮೇಡಂ, ನಿಮ್ಮ ಕನ್ನಡ ಬಾಳ ಚೊಲೊ ಐತ್ರಿ! ಎಷ್ಟ್ ವರ್ಷ ಆತ್ರಿ ಇಂಡಿಯಾಕ್ಕೆ ಬಂದು?’

‘ಹುಟ್ಟಿದಾಗಿಂದ.’

‘ಓ, ಮಿಷನರಿ ಫ್ಯಾಮಿಲಿ ಏನ್ರಿ?’

ಟಿಕೆಟು ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ‘ಯಾವುದಕ್ಕೂ ಆಧಾರ್ ಕಾರ್ಡು ಕೈಯಲ್ಲೇ ಇರಲಿ, 560 ರೂಪಾಯಿ ಪ್ರಶ್ನೆ’ ಎಂದರು ನಮ್ಮವರು. ಗುಡಿಯ ಹತ್ತಿರಕ್ಕೆ ಹೋಗಲು ಬ್ಯಾಟರಿ ಗಾಡಿ ಇದೆ. ಅದಕ್ಕೆ ಒಂದು ಕಾಲೆತ್ತಿ ಹತ್ತಿದೆ ನೋಡಿ, ತೊಡೆಸಂದಿಯ ಹೊಲಿಗೆ ಪರ್ರನೆ ಬಿಟ್ಟಿತು. ಎಷ್ಟು ಆನೆಗಳು ಬೇರೆಯಾದವೋ! ನಾದಿನಿಯ ವೇಲನ್ನು ಇಸಕೊಂಡು ಲುಂಗಿಯ ಹಾಗೆ ಸೊಂಟಕ್ಕೆ ಸುತ್ತಿ, ಟಾಪಿನ ಅಂಚನ್ನು ಸಿಕ್ಕಿಸಿ, ಹ್ಯಾಟು ಸರಿಮಾಡಿಕೊಂಡು ಕಲ್ಲಿನ ರಥದ ಮುಂದೆ ನಿಂತೆ. ಅಲ್ಲಿದ್ದ ವಿದೇಶಿ ದಂಪತಿ ಬಂದು ಬಹಳ ವಿನಯದಿಂದ ನನ್ನ ಫೋಟೊ ತೆಗೆಯಬಹುದೇ ಎಂದು ಕೇಳಿದರು. ಇದು ಈ ಸೀಮೆಯ ಸಾಂಪ್ರದಾಯಿಕ ಉಡುಪೇ ಎಂದೂ ಕೇಳಿದರು. ಹೌದೆಂದೆ. ಎಲ್ಲಿಯೋ ಒಂದು ದೇಶದಲ್ಲಿ ಯಾರದೋ ಗೋಡೆಯ ಮೇಲೆ ವಿಜಯನಗರ ಜಿಲ್ಲೆಯ ಸಂಸ್ಕೃತಿಯಾಗಿ ನಾನು ನೇತಾಡುತ್ತಿರಬಹುದು.

ಕಟ್ಟಕಡೆಗೆ ನನಗೆ ಬುದ್ಧಿ ಹೊಳೆದದ್ದು ಸಂಡೂರಿನ ಲಂಬಾಣಿ ಕಸೂತಿ ನೋಡಿ. ಅದರ ಮುಂದೆ ಯಾವ ಡಿಸೈನರ್ ಬಟ್ಟೆಯೂ ನಿಲ್ಲುವುದಿಲ್ಲ, ಇದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಸಂಡೂರು ಕುಶಲ ಕಲಾ ಕೇಂದ್ರದವರು ತಾಂಡಾಗಳ ಹೆಂಗಸರಿಂದ ಹೊಲಿಸಿ ದೇಶವಿದೇಶಕ್ಕೆ ಕಳಿಸುತ್ತಾರೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಕುಶಲಕರ್ಮಿಗಳು ಹೊಲಿದ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಸಾದಾ ಕಪ್ಪು ಕುರ್ತಾ, ಎದೆಯ ಮೇಲೆ ಅಂಗೈಯಗಲ ಕಸೂತಿ ಇದ್ದರೆ ಸಾಕು, ಮರ್ಯಾದೆಗೆ ಮರ್ಯಾದೆ, ಚೆಂದಕ್ಕೆ ಚೆಂದ. ಒಂದೊಂದು ತುಣುಕಿಗೆ ಹೆಂಗಸರು ದಿನಗಟ್ಟಲೆ ಕೂರುತ್ತಾರೆ, ಬೆಲೆ ನ್ಯಾಯವಾದದ್ದೇ. ಅನ್ಯಾಯ ಇದ್ದದ್ದು ನನ್ನ ಪರ್ಸಿನಲ್ಲಿ. ಅದಕ್ಕೇ ಕನ್ನಡಿಚೂರು, ಬಣ್ಣದ ದಾರ ತಂದು, ಯೂಟ್ಯೂಬ್ ನೋಡಿ ನಾನೇ ಹೊಲಿಯಲು ಕೂತೆ. ತಾಂಡಾದಿಂದ ಬರುವ ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿ ನನ್ನ ಹೊಲಿಗೆ ನೋಡಿ, ‘ಬಿಗಿ ಇರಬೇಕ್ರಿ ಟೀಚರ್, ಇದು ಸಡಿಲ ಆತು’ ಎಂದಳು. ಹೊಸ ಸ್ಟೈಲು ಎಂದು ನಾನೇ ಅವಳಿಗೆ ತಿಳಿಸಿ ಹೇಳಿದೆ.

ತೊಟ್ಟುಕೊಂಡು ಹೋದ ದಿನ ಎಂಟನೇ ಕ್ಲಾಸಿನಲ್ಲಿ ಬೆಳಕಿನ ಪ್ರತಿಫಲನದ ಪಾಠ. ಕಿಟಕಿಯ ಬಿಸಿಲು ನನ್ನ ಎದೆಯ ಕನ್ನಡಿಗಳಿಗೆ ಬಿದ್ದು ಸೂರಿನ ತುಂಬ ಚುಕ್ಕೆಗಳು ಓಡಾಡತೊಡಗಿದವು. ನಾನು ಬೋರ್ಡಿಗೆ ತಿರುಗಿದರೆ ಚುಕ್ಕೆಗಳು ಗೋಡೆಗೆ, ಮಕ್ಕಳಿಗೆ ತಿರುಗಿದರೆ ಚುಕ್ಕೆಗಳು ಅವರ ಮುಖಕ್ಕೆ. ಹಿಂದಿನ ಬೆಂಚಿನವರು ಎದ್ದು ನಿಂತು ಅವನ್ನು ಕೈಯಲ್ಲಿ ಹಿಡಿಯುತ್ತಿದ್ದರು. ಆ ಪಾಠ ನಮ್ಮ ಶಾಲೆಯಲ್ಲಿ ಯಾರಿಗೂ ಮರೆತಿಲ್ಲ.

ಸಂಜೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದೆ ನಿಂತಿದ್ದ ಹಿರಿಯ ಹೆಂಗಸಿನ ನೈಲಾನ್ ಸೀರೆಯ ಸೆರಗು ನನ್ನ ಸಡಿಲ ದಾರಗಳಿಗೆ ಯಾವಾಗ ಸಿಕ್ಕಿಕೊಂಡಿತೋ. ಅವರು ಬಾಗಿದಾಗ ನಾನೂ ಬಾಗಿದೆ, ಅವರು ಕಂಬ ಹಿಡಿದಾಗ ನಾನೂ ಹಿಡಿದೆ. ವಿಜಯನಗರದ ಮಹಾನವಮಿಯಲ್ಲಿ ಅರಮನೆಯ ಹೆಂಗಸರ ಒಡವೆಯ ಭಾರ ಎಷ್ಟಿತ್ತೆಂದರೆ ಅವರ ತೋಳನ್ನು ಹಿಡಿದುಕೊಳ್ಳಲು ಬೇರೆ ಹೆಂಗಸರು ಜೊತೆಗೆ ನಡೆಯುತ್ತಿದ್ದರು ಎಂದು ಪೋರ್ಚುಗೀಸ್ ಪ್ರವಾಸಿ ಪಾಯೆಸ್ 1520ರ ಸುಮಾರಿಗೆ ಕಂಡದ್ದನ್ನು ಬರೆದಿದ್ದಾನೆ. ನನಗೂ ಹಾಗೊಬ್ಬರು ಜೊತೆಗಿದ್ದರು, ಅವರಿಗೆ ಗೊತ್ತಿರಲಿಲ್ಲ ಅಷ್ಟೆ. ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಅವರು ಇಳಿದು ಸರಸರ ನಡೆದರು. ನಾನೂ ಎದೆ ಮುಂದೆ ಮಾಡಿಕೊಂಡು ಸರಸರ ನಡೆದೆ.

‘ಯಾಕವ್ವಾ, ಆಗ್ಲಿಂದ ನನ್ನ ಬೆನ್ನ ಹಿಂದ ಬರಾಕತ್ತಿ? ನಮ್ಮ ಮನ್ಯಾಗ ಕೆಲ್ಸ ಐತೇನು?’ ಎಂದು ತಿರುಗಿ ಕೇಳಿದರು.

ಹೂವಿನವಳ ಕತ್ತರಿಯಿಂದ ನಮ್ಮಿಬ್ಬರ ಬಿಡುಗಡೆಯಾಯಿತು. ನನ್ನದೊಂದು ಕನ್ನಡಿ ಅವರ ಸೆರಗಿನಲ್ಲೇ ಹೋಯಿತು. ಅಲ್ಲಿ ಅದು ಚೆನ್ನಾಗಿಯೇ ಒಪ್ಪುತ್ತಿತ್ತು.

ಇಷ್ಟೂ ಸೋಲುಗಳನ್ನು ಒಂದು ಗಂಟು ಕಟ್ಟಿ ಬೇಸಿಗೆಯ ರಜೆಗೆ ಕಂಪ್ಲಿಗೆ ಒಯ್ದೆ. ಹರಿದು ಕೌದಿಗಾದರೂ ಹಾಕೋಣ ಎಂದು. ಅತ್ತೆ ಒಂದೊಂದನ್ನೇ ಬಿಡಿಸಿ ನೋಡಿದರು. ‘ಕೆಂಪು ಮಣ್ಣಿನ ಊರಿಗೆ ಬಿಳಿದು ಹಾಕ್ಕೊಂಡು ಹೋಗ್ತಾರೇನವ್ವಾ? ಓದಿದಾಕಿ ನೀನು’ ಎಂದರು. ಅವರದ್ದು ದಾಳಿಂಬೆ ಬಣ್ಣದ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ನಾನು ಈ ಮನೆಗೆ ಬರುವ ಮೊದಲಿನಿಂದ ಇವೆ. ಗದ್ದೆಗೂ ಅದೇ, ಸೋಮಪ್ಪನ ಗುಡಿಗೂ ಅದೇ, ಮದುವೆಮನೆಯಲ್ಲಿ ಎಲ್ಲರೂ ತಿರುಗಿ ನೋಡುವುದೂ ಅದನ್ನೇ. ಎಂಥ ಕೆಂಪು ಧೂಳು ಬಿದ್ದರೂ ಆ ಸೀರೆಯ ಮೇಲೆ ಕಾಣುವುದಿಲ್ಲ.

ಕೌದಿಗೂ ನನ್ನ ಬಟ್ಟೆಗಳು ಆಗಲಿಲ್ಲ. ಇಷ್ಟು ತೆಳು ಬಟ್ಟೆ ಸೂಜಿಗೆ ನಿಲ್ಲುವುದಿಲ್ಲವಂತೆ. ಅಷ್ಟರಲ್ಲಿ ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಓಣಿಗೆ ಬಂದಳು. ಕಟ್ಟೆಯ ಮೇಲೆ ಕೂತು ನನ್ನ ಗಂಟು ಬಿಚ್ಚಿದಳು. ಗುಲಾಬಿಯೋ ಕಾವಿಯೋ ತಿಳಿಯದ ಕುರ್ತಾವನ್ನು ಬಿಸಿಲಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟಳು. ಆನೆ ಪ್ಯಾಂಟಿನ ಹರಕಿನಲ್ಲಿ ಕೈ ತೂರಿಸಿ ಆಚೆಯಿಂದ ಬೆರಳಾಡಿಸಿದಳು. ‘ಇವು ನೆಲ ಒರಸಾಕೂ ಬರಂಗಿಲ್ರೀ’ ಎಂದು, ನಾನು ಬಹಳ ಗೋಗರೆದ ಮೇಲೆ, ಅಷ್ಟಕ್ಕೂ ಸೇರಿಸಿ ಒಂದು ಚಹಾ ಸೋಸುವ ಜರಡಿ ಕೊಟ್ಟಳು. ಏಳುವಾಗ ಹಗ್ಗದ ಮೇಲಿದ್ದ ಅತ್ತೆಯ ಸೀರೆಯ ಮೇಲೆ ಅವಳ ಕಣ್ಣು ಬಿತ್ತು.

‘ಅಮ್ಮಾರೇ, ಅದನ್ನ ಕೊಡ್ರಿ, ಮುಚ್ಚಳದ ದೊಡ್ಡ ಡಬರಿ ಕೊಡ್ತೀನಿ.’

ಅತ್ತೆ ಕೊಡಲಿಲ್ಲ.

ಈಗ ನಾನೂ ಒಂದು ದಾಳಿಂಬೆ ಬಣ್ಣದ ಇಳಕಲ್ ಕೊಂಡಿದ್ದೇನೆ. ಖಣಕ್ಕೆ ಅಸ್ತರ್ ಬೇಕಿಲ್ಲ ಎಂದು ಟೇಲರ್ ಹೇಳಿದಾಗ ನನಗೆ ಕಣ್ಣಲ್ಲಿ ನೀರೇ ಬಂತು. ಸಂಡೂರಿಗೆ ವರ್ಗವಾಗಿ ಬರುವ ಟೀಚರಮ್ಮಂದಿರಿಗೆ ನನ್ನ ವಿನಂತಿ ಇಷ್ಟೇ: ಬಿಳಿ ಬಟ್ಟೆ ತರಬೇಡಿ, ಕಸೂತಿ ಬೇಕಿದ್ದರೆ ದುಡ್ಡು ಕೂಡಿಸಿ ಬಲ್ಲವರಿಂದಲೇ ಕೊಳ್ಳಿ. ಆ ಜರಡಿಯನ್ನು ನಂಬಿಕೊಂಡು ನಮ್ಮ ಮನೆಗೆ ಚಹಾಕ್ಕೆ ಬರುವುದೂ ಬೇಡ, ಅದರಲ್ಲಿ ಪುಡಿ ಇಳಿಯುತ್ತದೆ.