ಬೆಲ್ ಹೌಸಿಂಗ್‌ನ ಆರು ಬೋಲ್ಟುಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ಕ್ಷೇಮ. ನಿಮ್ಮ ಕ್ಷೇಮವನ್ನು ಕಣ್ಣಾರೆ ಕಂಡೇ ಬರೆಯುತ್ತಿದ್ದೇನೆ: ಮರೆ ಸವೆದಿಲ್ಲ, ತಲೆ ಮುಕ್ಕಾಗಿಲ್ಲ. ಈ ಪ್ರಕರಣದಿಂದ ಕೂದಲೂ ಕೊಂಕದೆ ಹೊರಬಂದವರು ನೀವು ಆರು ಜನ ಮಾತ್ರ.

ಮಿಷಿಗನ್ನಿನ ನನ್ನ ಗ್ಯಾರೇಜಿನಲ್ಲಿ ಕಳೆದ ಭಾನುವಾರ ನಡೆದದ್ದು ಲೋಕಕ್ಕೂ ತಿಳಿಯಲಿ. ಕಾರು ಹಳೆಯ ಷೆವ್ರೊಲೆ ನೋವಾ. ಅದರ ಹೊಟ್ಟೆಯಡಿ 1969ರ ಮಾದರಿಗಳೊಂದಿಗೆ ಬಂದ ಮೂರು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆ, ಟರ್ಬೊ ಹೈಡ್ರಮ್ಯಾಟಿಕ್ 350. ಅದಕ್ಕೊಂದು ಹೊಸ ಟಾರ್ಕ್ ಕನ್ವರ್ಟರ್ ಕೂರಿಸುವುದು ಏನು ಮಹಾ, ಅಂದುಕೊಂಡೆ. ನೋಡುವುದಕ್ಕೆ ಬಾಯಿ ಬೆಸೆದ ದಬರಿ ಅದು. ಒಳಗೆ ಎಣ್ಣೆ ಎರಚುವ ಒಂದು ಚಕ್ರ, ಎರಚಿದ ಎಣ್ಣೆಯ ಹೊಡೆತಕ್ಕೆ ತಿರುಗುವ ಇನ್ನೊಂದು, ನಡುವೆ ಮರಳುವ ಎಣ್ಣೆಯ ದಿಕ್ಕು ತಿದ್ದಿ ಬಲ ಹೆಚ್ಚಿಸುವ ಸ್ಟೇಟರ್. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ; ಅವಸರದ ಉಗಿ ಟರ್ಬೈನಿಗೂ ನಿಧಾನಸ್ಥ ಪ್ರೊಪೆಲ್ಲರಿಗೂ ರಾಜಿ ಮಾಡಿಸಲು. ಸಮುದ್ರದಲ್ಲಿ ರಾಜಿ ಮಾಡಿಸಿದ ವಸ್ತು ನನ್ನ ಮಾತು ಕೇಳದೆ ಇರುತ್ತದೆಯೇ?

ಶಾಸ್ತ್ರದಲ್ಲಿ ಲೋಪ ಮಾಡಲಿಲ್ಲ. ಒಂದು ಕ್ವಾರ್ಟ್ ಕೆಂಪು ಎಣ್ಣೆಯನ್ನು ಅದರ ಹೊಟ್ಟೆಗೆ ಸುರಿದೆ, ಪೆಟ್ಟಿಗೆಯ ಪಂಪಿನ ಸೀಲಿಗೂ ಕನ್ವರ್ಟರಿನ ಹಬ್‌ಗೂ ಸವರಿದೆ, ಎತ್ತಿ ಶಾಫ್ಟಿಗೆ ತೂರಿಸಿದೆ. ಇನ್ನು ಅದನ್ನು ತಿರುಗಿಸುತ್ತಾ ಮೆಲ್ಲಗೆ ಒಳಗೆ ಬಿಡಬೇಕು, ನಮ್ಮಜ್ಜಿ ಬೀಸುಕಲ್ಲಿನ ಮೇಲ್ಗಲ್ಲನ್ನು ಗೂಟಕ್ಕೆ ಕೂರಿಸುತ್ತಿದ್ದ ಹಾಗೆ. ಸ್ಟೇಟರಿನ ಹಲ್ಲುಗಳಿಗೆ ಕೂತಾಗ ಒಂದು ಟಕ್, ಇನ್‌ಪುಟ್ ಶಾಫ್ಟಿಗೆ ಇನ್ನೊಂದು ಟಕ್. ಕೊನೆಗೆ ಹಬ್‌ನ ಎರಡು ಕಚ್ಚುಗಳು ಪಂಪ್ ಗೇರಿನ ಎರಡು ಮೊಳಕೆಗಳನ್ನು ಹುಡುಕಿ ಹಿಡಿದಾಗ ಮೂರನೆಯದು. ಎರಡು ಕೇಳಿಸಿದವು. ಮೂರನೆಯದು ದಾರಿಯಲ್ಲಿರಬೇಕೆಂದು ನಂಬಿದೆ. ಹೌಸಿಂಗ್ ಬಾಯಿಗೆ ಅಡ್ಡಪಟ್ಟಿ ಇಟ್ಟು ಆಳ ಅಳೆದಿದ್ದರೆ ಎರಡು ನಿಮಿಷದಲ್ಲಿ ಬಣ್ಣ ಬಯಲಾಗುತ್ತಿತ್ತು. ಆದರೆ ಪಟ್ಟಿ ಮನೆಯೊಳಗಿತ್ತು, ನಾನು ಹೊರಗಿದ್ದೆ.

ಐವತ್ತು ಕಿಲೋ ಮೀರಿದ ಪೆಟ್ಟಿಗೆಯನ್ನು ಜ್ಯಾಕಿನ ಮೇಲೆ ಎತ್ತಿ ಎಂಜಿನ್ನಿಗೆ ಒತ್ತಿದೆ. ಅರ್ಧ ಅಂಗುಲ ಸಂದಿ ಉಳಿಯಿತು. ಒದ್ದೆ, ಅಲ್ಲಾಡಿಸಿದೆ, ಕನ್ನಡದಲ್ಲಿ ನಾಲ್ಕು ಮಾತಾಡಿದೆ. ಸಂದಿ ಸಂದಿಯಾಗಿಯೇ ಇತ್ತು.

ಆಗ ನಿಮ್ಮ ನೆನಪಾಯಿತು.

ನಿಮ್ಮಂಥ ವಿಧೇಯರನ್ನು ನಾನು ಕಂಡಿಲ್ಲ. ಸಂದಿ ಯಾಕೆ ಉಳಿಯಿತು ಎಂದು ನೀವು ಕೇಳಲಿಲ್ಲ. ಕಾರಣ ಕೇಳುವ ದುರಭ್ಯಾಸವೇ ನಿಮಗಿಲ್ಲ. ಸ್ಪ್ಯಾನರ್ ತಿರುಗಿದಂತೆ ನೀವೂ ತಿರುಗಿದಿರಿ. ಗುದ್ದಿ ಹಣ್ಣು ಮಾಡುವ ವಿದ್ಯೆಯಲ್ಲಿ ಆರು ಜನರೂ ಪಂಡಿತರು. ಸಂದಿ ಕಾಲಂಗುಲವಾಯಿತು, ಕೂದಲೆಳೆಯಾಯಿತು, ಮುಚ್ಚಿಹೋಯಿತು. ಆಗಲೇ ಒಳಗಿನಿಂದ ಟಕ್ ಎಂದಿತು. ಕಾಯುತ್ತಿದ್ದ ಮೂರನೆಯ ಸದ್ದು ಬಂತಲ್ಲ ಎಂದು ನಾನು ಒಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ.

ಪೆಟ್ಟಿಗೆ ಎಂಜಿನ್ನಿಗೆ ಸೇರಿದ ಮೇಲೂ ಕನ್ವರ್ಟರ್ ಕೈಗೆ ಸಲೀಸಾಗಿ ತಿರುಗಬೇಕಂತೆ. ಎಂಜಿನ್ನಿನ ಕಡೆಯ ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ ಮೂರರಿಂದ ಐದು ಮಿಲಿಮೀಟರ್ ಬಿಡುವಿದ್ದು, ಅಷ್ಟನ್ನು ಅದು ಮುಂದೆ ಜಾರಿ ತುಂಬಬೇಕಂತೆ. ನನ್ನದು ಹಬ್ಬಕ್ಕೆ ಬಂದ ಹೊಸ ಅಳಿಯನಂತೆ ಬಿಗಿದುಕೊಂಡು ಕೂತಿತ್ತು. ಗಟ್ಟಿ ಕೆಲಸ ಅಂದರೆ ಇದು ಎಂದು ಬೀಗಿದೆ.

ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಡ್ರೈವ್‌ಗೆ ಹಾಕಿದೆ, ಕಾರು ಕದಲಲಿಲ್ಲ. ರಿವರ್ಸ್‌ಗೆ ಹಾಕಿದೆ, ಹಿಂದಕ್ಕೂ ಇಲ್ಲ, ಬಸವನಗುಡಿಯ ನಂದಿಯೇ. ಎಣ್ಣೆಗೆ ಒತ್ತಡ ಕೊಡುವುದೇ ಆ ಪಂಪು, ಒತ್ತಡವಿಲ್ಲದೆ ಕ್ಲಚ್ಚುಗಳು ಹಿಡಿಯುವುದಿಲ್ಲ. ಅದರ ಗೇರನ್ನು ನಾವು ಏಳು ಜನ ಸೇರಿ ಆಗಲೇ ಮುರಿದಿದ್ದೆವು. ಬಾಗಿಲಲ್ಲಿ ನಿಂತ ಮಡದಿ, "ಸೌಂಡ್ ಮಾತ್ರ ಚೆನ್ನಾಗಿದೆ ಕಣ್ರೀ" ಎಂದಳು.

ನಿಮ್ಮ ಮೇಲೆ ದೂರಿಲ್ಲ. ಪೆಟ್ಟಿಗೆ ಮತ್ತೆ ನೆಲದ ಮೇಲಿದೆ, ಪಂಪು ಬಿಚ್ಚಿದೆ, ಹೊಸ ಗೇರು ಮಂಗಳವಾರ ಬರುತ್ತದಂತೆ. ಅಲ್ಲಿಯವರೆಗೆ ಕಾಫಿಪುಡಿಯ ಖಾಲಿ ಡಬ್ಬಿಯಲ್ಲಿ ವಿಶ್ರಮಿಸಿ. ಮುಚ್ಚಳ ಭದ್ರವಾಗಿ ಹಾಕಿದ್ದೇನೆ. ಅಡ್ಡಪಟ್ಟಿಯನ್ನು ಅದರ ಮೇಲೆಯೇ ಇಟ್ಟಿದ್ದೇನೆ.

ಇತಿ,
ನಿಮ್ಮ ಏಳನೆಯವನು